ರೀಲು ಬಿಟ್ಟವರು, ರೀಲ್ಸ್ ಮಾಡಿದವರು: ಹೊಸ ಪದಕ್ಕೆ ಆಯಸ್ಸು ಎಲ್ಲಿಂದ ಬರುತ್ತದೆ?

‘ಅವನು ರೀಲು ಬಿಡ್ತಾನೆ’ ಅಂದರೆ ಸುಳ್ಳು ಹೇಳುತ್ತಾನೆ. ‘ಅವನು ರೀಲ್ಸ್ ಮಾಡ್ತಾನೆ’ ಅಂದರೆ ಮೊಬೈಲಿನಲ್ಲಿ ಪುಟ್ಟ ವಿಡಿಯೊ ಮಾಡಿ ಹಾಕುತ್ತಾನೆ. ಎರಡು ಮಾತಿನಲ್ಲೂ ಇರುವುದು ಒಂದೇ ಇಂಗ್ಲಿಷ್ ಪದ. ಅರ್ಥವನ್ನು ಬೇರೆ ಬೇರೆ ಮಾಡಿದ್ದು ಅದರ ಪಕ್ಕ ನಿಂತ ಕನ್ನಡದ ಕ್ರಿಯಾಪದ. 2020ರ ಜೂನ್ ಕೊನೆಗೆ ಟಿಕ್‌ಟಾಕ್ ನಿಷೇಧವಾಯಿತು, ಜುಲೈನಲ್ಲಿ ಇನ್‌ಸ್ಟಾಗ್ರಾಂ ಭಾರತದಲ್ಲಿ ರೀಲ್ಸ್ ಶುರು ಮಾಡಿತು. ಆಗ ಸುಳ್ಳಿನ ‘ರೀಲು’ ಮತ್ತು ವಿಡಿಯೊದ ‘ರೀಲ್ಸ್’ ಒಂದಕ್ಕೊಂದು ತಾಗಿ ಗೊಂದಲವಾಗಬೇಕಿತ್ತು. ಆಗಲಿಲ್ಲ. ಯಾವ ಸಮಿತಿಯೂ ಕೂರಲಿಲ್ಲ, ಯಾವ ಪಂಡಿತರೂ ಸೂಚನೆ ಕೊಡಲಿಲ್ಲ. ಸುಳ್ಳಿಗೆ ‘ಬಿಡು’, ವಿಡಿಯೊಗೆ ‘ಮಾಡು’ ಎಂದು ಕನ್ನಡ ಮಾತಾಡುವವರೆಲ್ಲ ತಾವಾಗಿಯೇ ಹಂಚಿಕೊಂಡುಬಿಟ್ಟರು.

ಸಿನಿಮಾ, ಕ್ರಿಕೆಟ್, ರಿಯಾಲಿಟಿ ಶೋ, ಟ್ರೋಲ್ ಪೇಜುಗಳಿಂದ ಬರುವ ಪದಗಳ ಬಗ್ಗೆ ಈಗ ಎರಡು ವಾದ ಕೇಳಿಬರುತ್ತವೆ. ಇವುಗಳಿಂದ ಕನ್ನಡ ಕೆಡುತ್ತಿದೆ ಅನ್ನುವುದು ಒಂದು, ಭಾಷೆ ಬೆಳೆಯುವುದೇ ಹೀಗೆ ಅನ್ನುವುದು ಇನ್ನೊಂದು. ಎರಡೂ ವಾದದವರು ಪದ ಎಲ್ಲಿಂದ ಬಂತು ಅನ್ನುವುದನ್ನೇ ನೋಡುತ್ತಾರೆ. ನೋಡಬೇಕಾದದ್ದು ಬಂದ ಪದಕ್ಕೆ ಕನ್ನಡದ ಯಾವ ಕ್ರಿಯಾಪದ ಸಿಕ್ಕಿತು ಅನ್ನುವುದನ್ನು. ಸಿಕ್ಕಿದ ಪದ ಉಳಿಯುತ್ತದೆ, ಸಿಗದ ಪದ ಒಂದೆರಡು ವರ್ಷ ಮಿಂಚಿ ಹೋಗುತ್ತದೆ.

ಈ ಕ್ರಿಯಾಪದಗಳಿಗೆ ಒಂದೊಂದು ಸ್ವಭಾವ ಇದೆ. ‘ಬಿಡು’ ಬಾಯಿಂದ ಗಾಳಿಗೆ ಹೋದ ಮಾತಿಗೆ: ರೀಲು ಬಿಡು, ಓಳು ಬಿಡು, ಬುರುಡೆ ಬಿಡು. ಆಡಿದವನಿಗೆ ಆ ಮಾತಿನ ಹೊಣೆ ಇಲ್ಲ. ಕಾಗೆ ಹಾರಿಸುವುದೂ ಇದೇ ಬಳಗದ್ದು. ‘ಇಡು’ ಸದ್ದಿಲ್ಲದೆ ಮಾಡುವ ಕೆಲಸಕ್ಕೆ: ಬತ್ತಿ ಇಡು, ಫಿಟ್ಟಿಂಗ್ ಇಡು, ಗುನ್ನ ಇಡು. ಇಟ್ಟವನು ಹೊರಟುಹೋಗಿರುತ್ತಾನೆ, ಸಿಡಿಯುವುದು ಆಮೇಲೆ. ‘ಕೊಡು’ ಎದುರಿಗೆ ನಾಲ್ಕು ಜನ ನೋಡುವಾಗ ಮಾಡುವುದಕ್ಕೆ: ಬಿಲ್ಡಪ್ ಕೊಡು, ಕೌಂಟರ್ ಕೊಡು, ಟಾಂಗ್ ಕೊಡು, ಎಂಟ್ರಿ ಕೊಡು. ‘ಹಾಕು’ ಲೆಕ್ಕಾಚಾರಕ್ಕೆ: ಸ್ಕೆಚ್ ಹಾಕು, ಕಾಳು ಹಾಕು. ‘ಹಿಡಿ’ ಕೈಯಲ್ಲಿ ಹಿಡಿದು ಹಿಂದೆ ಹಿಂದೆ ತಿರುಗುವುದಕ್ಕೆ, ಬಕೆಟ್ ಹಿಡಿದ ಹಾಗೆ. ಮೈಮೇಲೆ ಬಂದದ್ದಕ್ಕೆ ‘ಆಗು’: ಟ್ರೋಲ್ ಆದ, ವೈರಲ್ ಆಯ್ತು.

ಇವನ್ನು ಅದಲುಬದಲು ಮಾಡಿ ನೋಡಿದರೆ ಕಟ್ಟು ಎಷ್ಟು ಬಿಗಿ ಅನ್ನುವುದು ತಿಳಿಯುತ್ತದೆ. ‘ಫಿಟ್ಟಿಂಗ್ ಬಿಟ್ಟ’ ಅಂದರೆ ಯಾರಿಗೂ ಅರ್ಥವಾಗುವುದಿಲ್ಲ. ‘ಓಳು ಇಟ್ಟ’ ಕನ್ನಡವೇ ಅಲ್ಲ. ‘ಡೈಲಾಗ್ ಹೇಳಿದ’ ಅಂದರೆ ನಟ ತನ್ನ ಕೆಲಸ ಮಾಡಿದ, ‘ಡೈಲಾಗ್ ಹೊಡೆದ’ ಅಂದರೆ ಯಾರೋ ಬಡಾಯಿ ಕೊಚ್ಚಿದ. ಗುಮಾಸ್ತರು ರಿಜಿಸ್ಟರಿನಲ್ಲಿ ಎಂಟ್ರಿ ಮಾಡುತ್ತಾರೆ, ಹೀರೋ ಎಂಟ್ರಿ ಕೊಡುತ್ತಾನೆ. ಈಗಂತೂ ಮುಂಗಾರು ಮಳೆಯೂ ಎಂಟ್ರಿ ಕೊಡುತ್ತದೆ, ಮದುವೆ ಮನೆಗೆ ತಡವಾಗಿ ಬಂದ ಸೋದರಮಾವನೂ ಎಂಟ್ರಿ ಕೊಡುತ್ತಾನೆ. ಸಿನಿಮಾದ ಪರದೆಯಿಂದ ಇಳಿದು ಬಂದ ಪದ ಹವಾಮಾನದ ಸುದ್ದಿಗೂ ಮನೆಯ ಮಾತಿಗೂ ಹೊಂದಿಕೊಂಡಿತು ಅಂದರೆ ಅದು ಕನ್ನಡದ ಪದವಾಯಿತು ಎಂದೇ ಲೆಕ್ಕ.

ಮನರಂಜನೆ ಭಾಷೆಗೆ ಪದ ಕೊಡುವುದು ಹೊಸದೇನಲ್ಲ. ಗುಬ್ಬಿ ಕಂಪನಿ ಹುಟ್ಟಿದ್ದು 1884ರಲ್ಲಿ. ಅಂಥ ಕಂಪನಿ ನಾಟಕಗಳ, ಬಯಲಾಟಗಳ ರಂಗದ ಸುತ್ತ ಬೆಳೆದ ಮಾತುಗಳನ್ನು ಈಗ ಯಾರೂ ಆಡುಮಾತು ಅನ್ನುವುದಿಲ್ಲ: ಬಣ್ಣ ಬಯಲಾಗು, ತೆರೆ ಬೀಳು, ವೇಷ ಕಳಚು, ನಾಟಕ ಆಡು. ಗರಡಿಮನೆ ಕೊಟ್ಟದ್ದು ತೊಡೆ ತಟ್ಟು, ಅಖಾಡಕ್ಕೆ ಇಳಿ, ಪಟ್ಟು ಹಾಕು, ಮಣ್ಣು ಮುಕ್ಕಿಸು. ಚುನಾವಣೆ ಸಮಯದ ಯಾವ ಪತ್ರಿಕೆ ತೆಗೆದರೂ ಇವು ಕಾಣುತ್ತವೆ. ಗಾಳಿಪಟದ ಬಾಲಕ್ಕೆ ಹೇಳುವ ‘ಬಾಲಂಗೋಚಿ’ ದೊಡ್ಡವರ ಹಿಂದೆ ಅಲೆಯುವವನಿಗೆ ಹೆಸರಾಗಿ ಎಷ್ಟು ಕಾಲವಾಯಿತೋ. ಇವುಗಳ ಮೈಕಟ್ಟು ನೋಡಿ. ಬಹುಪಾಲು ಒಂದು ನಾಮಪದ, ಅದರ ಜೊತೆ ಬಿಡಿಸಲಾಗದಂತೆ ಒಂದು ಕ್ರಿಯಾಪದ. ‘ಬಕೆಟ್ ಹಿಡಿ’ಯ ಕಟ್ಟೋಣವೂ ಅದೇ.

ಹೊಸ ಪದ ಅಂದ ಕೂಡಲೇ ಇಂಗ್ಲಿಷ್ ಕಡೆ ಬೆರಳು ತೋರಿಸುವುದು ವಾಡಿಕೆ. ಆದರೆ ನಮ್ಮ ಸಿನಿಮಾ ಮಾತಿನ ಅರ್ಧ ರುಚಿ ಉರ್ದುವಿನದು, ದಖ್ಖನಿಯದು. ‘ಸಖತ್’ ಬಂದದ್ದು ಗಟ್ಟಿ, ಕಠಿಣ ಎಂಬ ಅರ್ಥದ ‘ಸಖ್ತ್’ನಿಂದ. ‘ಸಖತ್ ಬಿಸಿಲು’ ಅನ್ನುವಾಗ ಆ ಹಳೆಯ ಬಿರುಸು ಇನ್ನೂ ಕೇಳಿಸುತ್ತದೆ, ‘ಸಖತ್ ಸಿನಿಮಾ’ ಅನ್ನುವಾಗ ಕಾಠಿಣ್ಯ ಕರಗಿ ಮೆಚ್ಚುಗೆ ಮಾತ್ರ ಉಳಿದಿದೆ. ನಾಯಕನಟರ ಬಗ್ಗೆ ಬರೆಯುವಾಗ ತಪ್ಪದೆ ಬರುವ ‘ಖದರ್’ ಮೂಲದಲ್ಲಿ ಬೆಲೆ, ಯೋಗ್ಯತೆ ಎಂಬ ಅರ್ಥದ್ದು. ‘ದಿಮಾಕು’ ಮೆದುಳು. ‘ಹವಾ’ ಗಾಳಿ, ಹವಾಮಾನದಲ್ಲಿ ಇರುವುದೂ ಅದೇ.

ಅಪರಾಧ ಲೋಕದ ಪದಗಳು ಮನೆಮನೆಗೆ ಬಂದದ್ದು ಹೆಚ್ಚಾಗಿ ರೌಡಿಸಂ ಸಿನಿಮಾಗಳ ಬೆನ್ನಿಗೆ. 1995ರ ‘ಓಂ’ ಆ ಅಲೆಗೆ ದಾರಿ ಮಾಡಿತು. ಲಾಂಗು, ಸ್ಕೆಚ್ಚು, ಸುಪಾರಿ, ರೋಲ್‌ಕಾಲ್ ಹೀಗೆ ಪೊಲೀಸ್ ಠಾಣೆಯ ಸುತ್ತ ಇದ್ದ ಮಾತುಗಳು ಶಾಲೆ ಮಕ್ಕಳ ಬಾಯಿಗೂ ಬಂದವು. ಇದರಲ್ಲಿ ‘ಸುಪಾರಿ’ ಗಮನಿಸುವಂಥದ್ದು. ಹಿಂದಿಯಲ್ಲಿ ಅದು ಮೊದಲಿಗೆ ಅಡಿಕೆ, ಕೊಲೆಯ ಹಣ ಅನ್ನುವುದು ಆಮೇಲಿನ ಅರ್ಥ. ನಮ್ಮಲ್ಲಿ ಅಡಿಕೆಗೆ ‘ಅಡಿಕೆ’ ಗಟ್ಟಿಯಾಗಿ ಕೂತಿದ್ದರಿಂದ, ಸುಪಾರಿ ಬಂದದ್ದು ಕೊಲೆಗೆ ಕೊಡುವ ಹಣ ಅನ್ನುವ ಅರ್ಥವನ್ನು ಮುಂದಿಟ್ಟುಕೊಂಡೇ. ತಾಂಬೂಲ ಕೊಟ್ಟು ಕೆಲಸ ಒಪ್ಪಿಸುವ ಪದ್ಧತಿ ಮಾತ್ರ ನಮಗೆ ಹೊಸದಲ್ಲ, ಯುದ್ಧಕ್ಕೆ ಕರೆಯುವ ‘ರಣವೀಳ್ಯ’ ಹಳೆಯ ಕಾವ್ಯ ಓದಿದವರಿಗೆಲ್ಲ ಗೊತ್ತು. ರೋಲ್‌ಕಾಲ್ ಇನ್ನೂ ದೂರ ನಡೆದಿದೆ. ಹಾಜರಿ ಕೂಗುವುದು ಎಂಬ ಇಂಗ್ಲಿಷ್ ಅರ್ಥ ನಮ್ಮ ಬಳಕೆಯಲ್ಲಿ ಹಿಂದೆ ಬಿದ್ದು, ಹೆದರಿಸಿ ಹಣ ಕೀಳುವುದು ಎಂಬ ಅರ್ಥ ಮುಂದೆ ಬಂದಿದೆ. ‘ರೋಲ್‌ಕಾಲ್ ಮಾಡ್ತಾನೆ’ ಅಂದರೆ ಸಾಕು, ವಿವರಣೆ ಬೇಡ.

ಕ್ರಿಯಾಪದವೇ ಇಲ್ಲದೆ ಬದುಕಿದ ಮಾತೊಂದಿದೆ. ಅದನ್ನು ಹತ್ತಿರ ಹಿಡಿದು ನೋಡಬೇಕು: ಈ ಸಲ ಕಪ್ ನಮ್ದೇ.

ಬೆಂಗಳೂರು ತಂಡ ಐಪಿಎಲ್ ಫೈನಲ್‌ಗಳಲ್ಲಿ ಸೋತದ್ದು 2009, 2011 ಮತ್ತು 2016ರಲ್ಲಿ. ಅಭಿಮಾನಿಗಳ ಈ ಘೋಷಣೆ ಎಲ್ಲೆಡೆ ಹಬ್ಬಿದ್ದು 2018ರ ಹೊತ್ತಿಗೆ. ನಾಲ್ಕೇ ಪದ, ಕ್ರಿಯಾಪದ ಇಲ್ಲ. ‘ನಮ್ದು ಐತೆ’ ಎಂದು ಹೇಳದೆಯೂ ವಾಕ್ಯ ಮುಗಿಯುವುದು ಕನ್ನಡದ ಸಹಜ ನಡೆ, ‘ಇದು ನಮ್ಮನೆ’ ಅಂದ ಹಾಗೆ. ಬಲ ಇರುವುದು ಕೊನೆಯ ‘ಏ’ಕಾರದಲ್ಲಿ. ‘ನಮ್ಮದು’ ಬಾಯಲ್ಲಿ ಸವೆದು ‘ನಮ್ದು’ ಆಯಿತು, ಅದಕ್ಕೆ ಅವಧಾರಣೆಯ ಏಕಾರ ಸೇರಿ ‘ನಮ್ದೇ’ ಆಯಿತು. ಬೇರೆಯವರದ್ದಲ್ಲ, ನಮ್ಮದು ಮಾತ್ರ ಎಂಬ ಹಠ ಆ ಒಂದು ಸ್ವರದಲ್ಲಿದೆ. ಧಾರವಾಡದ ಕಡೆ ಇದೇ ಹಠಕ್ಕೆ ‘ನಮ್ದ’ ಎಂದು ಅಕಾರದಲ್ಲಿ ನಿಲ್ಲಿಸಿದರೂ ಸಾಕು, ದನಿಯೇ ಒತ್ತು ಕೊಡುತ್ತದೆ. ‘ಕಪ್’ ವ್ಯಂಜನದಲ್ಲಿ ನಿಂತಿರುವುದಕ್ಕೂ ಕಾರಣ ಇದೆ. ಬಸ್ ಬಸ್ಸಾಗುವ ರೂಢಿಯಂತೆ ‘ಕಪ್ಪು ನಮ್ದೇ’ ಅಂದರೆ ಅದು ಬಣ್ಣದ ಮಾತಾಗಿಬಿಡುತ್ತದೆ.

2023ರಲ್ಲಿ ಆಗಿನ ನಾಯಕ ಫಾಫ್ ಡು ಪ್ಲೆಸಿ ಬಾಯಿ ತಪ್ಪಿ ‘ಈ ಸಲ ಕಪ್ ನಹೀ’ ಅಂದರು. ಪಕ್ಕದಲ್ಲಿದ್ದ ವಿರಾಟ್ ಕೊಹ್ಲಿಗೆ ನಗು ತಡೆಯಲಾಗಲಿಲ್ಲ. ಕನ್ನಡದ ಕೊನೆಯ ಪದ ಹಿಂದಿಯ ‘ಇಲ್ಲ’ ಆಗಿ ಇಡೀ ಹಠವೇ ತಲೆಕೆಳಗಾಗಿತ್ತು. ಮರುವರ್ಷ ಮಾರ್ಚ್ 17ರಂದು ದೆಹಲಿಯಲ್ಲಿ ಮಹಿಳಾ ತಂಡ ಕಪ್ ಗೆದ್ದಾಗ ನಾಯಕಿ ಸ್ಮೃತಿ ಮಂಧಾನ ಮೈಕಿನ ಮುಂದೆ ‘ಈ ಸಲ ಕಪ್ ನಮ್ದು’ ಅಂದರು. ಕನ್ನಡ ಅವರ ಮಾತೃಭಾಷೆಯಲ್ಲ, ಆದರೂ ವ್ಯಾಕರಣ ಕೂದಲೆಳೆಯಷ್ಟೂ ತಪ್ಪಿರಲಿಲ್ಲ. ಗೆಲ್ಲುವ ಮೊದಲು ಹಠ ಬೇಕು, ಆಗ ‘ನಮ್ದೇ’. ಗೆದ್ದ ಮೇಲೆ ಅದು ಬರೀ ಸತ್ಯ, ಆಗ ‘ನಮ್ದು’ ಸಾಕು. 2025ರ ಜೂನ್ 3ರಂದು ಅಹಮದಾಬಾದಿನಲ್ಲಿ ಪುರುಷರ ತಂಡ ಪಂಜಾಬ್ ವಿರುದ್ಧ 6 ರನ್ನಿಂದ ಗೆದ್ದ ರಾತ್ರಿ ಕೋಟ್ಯಂತರ ಮೊಬೈಲುಗಳಲ್ಲಿ ಓಡಾಡಿದ್ದು ಏಕಾರ ಕಳಚಿದ ಈ ರೂಪ. ಒಂದು ಸ್ವರ ಇದ್ದಾಗ ಏನು, ಬಿಟ್ಟಾಗ ಏನು ಅನ್ನುವುದು ಕನ್ನಡ ಬಾರದವರಿಗೂ ಅರ್ಥವಾದ ಇಂಥ ಇನ್ನೊಂದು ಸಂದರ್ಭ ನೆನಪಿಗೆ ಬರುವುದಿಲ್ಲ.

ಈ ಘೋಷಣೆ ಇಷ್ಟು ವರ್ಷ ಬಾಳಿದ್ದಕ್ಕೆ ಇನ್ನೊಂದು ಕಾರಣ, ಅದರ ನಡುವೆ ಒಂದು ಖಾಲಿ ಜಾಗ ಇದೆ. ಈ ಸಲ ಸೀಟು ನಮ್ದೇ, ಈ ಸಲ ಪಂಚಾಯ್ತಿ ನಮ್ದೇ, ಈ ಸಲ ಪ್ರೈಜು ನಮ್ದೇ. ಪೂರ್ತಿ ವಾಕ್ಯವಾಗಿ ಹುಟ್ಟಿದ ಮಾತಿಗೆ ಕ್ರಿಯಾಪದದ ಆಸರೆ ಇಲ್ಲದಿದ್ದರೆ ಇಂಥ ಜಾಗವಾದರೂ ಬೇಕು. ‘ನಿಖಿಲ್ ಎಲ್ಲಿದ್ದೀಯಪ್ಪ’ ನೆನಪಿರಬಹುದು. 2016ರಲ್ಲಿ ಮಗನ ಮೊದಲ ಸಿನಿಮಾದ ಸಮಾರಂಭದಲ್ಲಿ ಎಚ್.ಡಿ. ಕುಮಾರಸ್ವಾಮಿ ಕೇಳಿದ ಆ ಪ್ರಶ್ನೆ ಮೂರು ವರ್ಷ ಸುಮ್ಮನಿತ್ತು. ಆ ಮಗ ಅಭ್ಯರ್ಥಿಯಾದ 2019ರ ಮಂಡ್ಯ ಲೋಕಸಭಾ ಚುನಾವಣೆಯಲ್ಲಿ ಎದ್ದು ರಾಜ್ಯವೆಲ್ಲ ಸುತ್ತಿತು, ಸಿನಿಮಾ ಶೀರ್ಷಿಕೆಯಾಗಿ ನೋಂದಾಯಿಸಲು ಚಲನಚಿತ್ರ ವಾಣಿಜ್ಯ ಮಂಡಳಿಯ ಬಾಗಿಲಿಗೆ ಜನ ಹೋದರು. ಅಲ್ಲೂ ಹೆಸರಿನ ಜಾಗ ಖಾಲಿ ಮಾಡಿಕೊಂಡು ಬೇರೆ ಹೆಸರು ತುಂಬಿದರು. ಆದರೆ ‘ಎಲ್ಲಿದ್ದೀಯಪ್ಪ’ ಮೊದಲೇ ಮನೆಮನೆಯ ಮಾತು. ಚುನಾವಣೆ ಕಾವು ಇಳಿದ ಮೇಲೆ ಅದನ್ನು ಹಾಸ್ಯವೆಂದು ಗುರುತಿಸುವ ಗುರುತೇ ಉಳಿಯಲಿಲ್ಲ. ‘ನಮ್ದೇ’ಗೆ ಪ್ರತಿ ವರ್ಷ ಹೊಸ ಋತು ಸಿಗುತ್ತದೆ, ಇದಕ್ಕೆ ಸಿಗಲಿಲ್ಲ.

ಹೆಸರುಗಳ ಕಥೆ ಸ್ವಲ್ಪ ಬೇರೆ. ತಮಿಳಿನಲ್ಲಿ 1999ರ ‘ಸೇತು’ ವಿಕ್ರಂಗೆ ‘ಚಿಯಾನ್’ ಎಂಬ ಹೆಸರು ಕೊಟ್ಟಿತು. ಅದೇ ಕಥೆ 2001ರಲ್ಲಿ ಕನ್ನಡದ ‘ಹುಚ್ಚ’ ಆದಾಗ ಸುದೀಪ್‌ಗೆ ‘ಕಿಚ್ಚ’ ಸಿಕ್ಕಿತು. 2007ರ ‘ದುನಿಯಾ’ದಿಂದ ಯೋಗೇಶ್ ‘ಲೂಸ್ ಮಾದ’ ಆದರು. ಕನ್ನಡದಲ್ಲಿ ಈ ಹೆಸರು ಮನೆತನದ ಹೆಸರಿನ ಹಾಗೆ ಮುಂದೆ ಕೂರುತ್ತದೆ: ತೂಗುದೀಪ ಶ್ರೀನಿವಾಸ್, ದುನಿಯಾ ವಿಜಯ್, ನೆನಪಿರಲಿ ಪ್ರೇಮ್. ಕೊನೆಯದರಲ್ಲಿ ಪೂರ್ತಿ ವಾಕ್ಯವೇ ಮನೆತನದ ಹೆಸರಾಗಿದೆ, ಯಾರಿಗೂ ವಿಚಿತ್ರ ಅನ್ನಿಸುವುದಿಲ್ಲ. ಕನ್ನಡ ಬಿಗ್ ಬಾಸ್ 2013ರಲ್ಲಿ ಸುದೀಪ್ ನಿರೂಪಣೆಯಲ್ಲಿ ಶುರುವಾದ ಮೇಲೆ ಆ ‘ಕಿಚ್ಚ’ ಇನ್ನೊಂದು ಪದಗುಚ್ಛಕ್ಕೆ ಮೂಲವಾಯಿತು, ‘ಕಿಚ್ಚನ ಚಪ್ಪಾಳೆ’. ಅದೇ ಕಾರ್ಯಕ್ರಮ ‘ಕಳಪೆ’ಗೆ ಮಾಡಿದ್ದು ಇನ್ನೂ ಆಳವಾದ ಕೆಲಸ. ಕಳಪೆ ಕಾಮಗಾರಿ, ಕಳಪೆ ಬೀಜ ಎಂದು ವಸ್ತುವಿನ ಗುಣ ಹೇಳುತ್ತಿದ್ದ ಪದ ಈಗ ಮನುಷ್ಯನಿಗೆ ಅಂಟುವ ಪಟ್ಟ. ‘ಈ ವಾರ ಕಳಪೆ ಯಾರು?’ ಎಂದು ಕೇಳಬಹುದು, ‘ಕಳಪೆ ಕೊಟ್ಟರು’ ಅನ್ನಬಹುದು. ಇಲ್ಲೂ ‘ಕೊಡು’, ಎಲ್ಲರೆದುರು ಮಾಡುವ ಕೆಲಸದ ಕ್ರಿಯಾಪದ.

ಇಂಗ್ಲಿಷ್ ಅಂತರ್ಜಾಲದಿಂದ ಬರುತ್ತಿರುವ ಪದಗಳಿಗೆ ಬರೋಣ. ಆಕ್ಸ್‌ಫರ್ಡ್ 2023ರ ಪದವಾಗಿ ‘ರಿಜ್’ ಆರಿಸಿತು. ಸೆಳೆತ ಎಂಬ ಅರ್ಥದ ‘ಕರಿಸ್ಮಾ’ದ ನಡುಭಾಗ ಕತ್ತರಿಸಿ ಮಾಡಿದ ಪದ, ಅದನ್ನು ಹಬ್ಬಿಸಿದ್ದು ಕಾಯ್ ಸೆನಾಟ್ ಎಂಬ ಸ್ಟ್ರೀಮರ್. 2024ಕ್ಕೆ ‘ಬ್ರೈನ್ ರಾಟ್’ ಬಂತು. ಡಿಕ್ಷನರಿ ಡಾಟ್ ಕಾಮ್ 2025ಕ್ಕೆ ಆರಿಸಿದ್ದು ‘ಸಿಕ್ಸ್ ಸೆವೆನ್’ ಎಂಬ, ಖಚಿತ ಅರ್ಥವೇ ಇಲ್ಲದ ಕೂಗು. ಬೆಂಗಳೂರಿನ ಕಾಲೇಜುಗಳಲ್ಲಿ ಇವೆಲ್ಲ ಕೇಳುತ್ತವೆ. ಆದರೆ ‘ರಿಜ್’ಗೆ ಕನ್ನಡದಲ್ಲಿ ‘ಇದೆ’, ‘ಇಲ್ಲ’ ಬಿಟ್ಟರೆ ಬೇರೆ ಜೊತೆಗಾರ ಸಿಕ್ಕಿಲ್ಲ. ಇಂಗ್ಲಿಷಿನಲ್ಲಿ ಅದೇ ಕ್ರಿಯಾಪದವೂ ಆಗಿದೆ, ಇಲ್ಲಿ ‘ರಿಜ್ ಹೊಡೆದ’, ‘ರಿಜ್ ಹಾಕಿದ’ ಯಾವುದೂ ನಿಂತಿಲ್ಲ. ನನ್ನ ಅಂದಾಜಿನಲ್ಲಿ ಅದು ಕನ್ನಡದ ಮಟ್ಟಿಗೆ ಉಳಿಯುವುದಿಲ್ಲ. ‘ಕ್ರಿಂಜ್’ ಉಳಿಯಬಹುದು, ‘ಕ್ರಿಂಜ್ ಆಗ್ತಿದೆ’ ಎಂದು ‘ಆಗು’ ಹಿಡಿದುಕೊಂಡಿದೆ. ‘ಟ್ರೋಲ್’ ಅಂತೂ ನೆಲೆ ನಿಂತಾಗಿದೆ, ಅರ್ಥವನ್ನೂ ಬದಲಿಸಿಕೊಂಡಿದೆ. ಇಂಗ್ಲಿಷಿನ ಟ್ರೋಲ್ ಜನರನ್ನು ಕೆಣಕಿ ಜಗಳ ಎಬ್ಬಿಸುವವನು. ನಮ್ಮಲ್ಲಿ ಟ್ರೋಲ್ ಅಂದರೆ ನಾಲ್ಕು ಜನ ಸೇರಿ ಒಬ್ಬರನ್ನು ಚಿತ್ರ, ವಿಡಿಯೊ ಹಾಕಿ ಗೇಲಿ ಮಾಡುವುದು. ಟ್ರೋಲ್ ಮಾಡುವವನು ‘ಟ್ರೋಲಿಗ’, ತುಂಬ ಸೊಗಸಾದ ಕನ್ನಡ ರೂಪ.

ಒಂದು ಪದ ಕನ್ನಡವಾಯಿತೋ ಇಲ್ಲವೋ ಎಂದು ಮನೆಯಲ್ಲೇ ಪರೀಕ್ಷೆ ಮಾಡಬಹುದು. ಮೊದಲು ಗಿ-ಕಾರ ಹಚ್ಚಿ ನೋಡಿ. ಮೊದಲ ಸ್ವರ ಹ್ರಸ್ವವಾದರೆ ಗಿ, ದೀರ್ಘವಾದರೆ ಗೀ: ಬಿಲ್ಡಪ್ಪು ಗಿಲ್ಡಪ್ಪು, ಟಾಂಗು ಗೀಂಗು, ರೀಲು ಗೀಲು. ಬಾಯಿಗೆ ಸರಾಗವಾಗಿ ಬಂದರೆ ಪದ ಒಳಗೆ ಬಂದಿದೆ. ಆಮೇಲೆ ವಿಭಕ್ತಿ: ‘ಟ್ರೋಲಿಗೆ ಹೆದರಿ’, ‘ಬಿಲ್ಡಪ್ಪಿನಿಂದ ಏನೂ ಆಗಲ್ಲ’. ನಾಮಪದ ವಿಭಕ್ತಿ ಹಚ್ಚಲು ಬಿಡದೆ ಮೊಂಡಾಟ ಮಾಡಿದರೆ ಅದು ಇನ್ನೂ ಅತಿಥಿ. ಇವೆರಡಕ್ಕಿಂತ ಖಚಿತವಾದದ್ದು ಮೂರನೆಯದು. ಆ ಸಿನಿಮಾ ನೋಡದವರು, ಆ ವಿಡಿಯೊ ಕಾಣದವರು ಪದವನ್ನು ಸರಿಯಾಗಿ ಬಳಸುತ್ತಾರೆಯೇ? ರೌಡಿ ಸಿನಿಮಾ ಹೆಸರೂ ಕೇಳದ ಅಜ್ಜಿ ‘ಏನೋ ಸ್ಕೆಚ್ ಹಾಕ್ತಾವ್ನೆ’ ಅಂದರೆ ಮುಗಿಯಿತು.

ಕೆಡುವುದು ಎಲ್ಲಿ? ಬಹುಪಾಲು ಹೊಸ ಪದಗಳು ಮೊದಲು ಕಾಣುವುದು ಕಮೆಂಟಿನಲ್ಲಿ, ಅದೂ ರೋಮನ್ ಲಿಪಿಯಲ್ಲಿ. ಆ ಲಿಪಿಗೆ ಲ-ಳ, ನ-ಣ, ಅ-ಆ ವ್ಯತ್ಯಾಸ ಗೊತ್ತಿಲ್ಲ. ಬೆಲೆಯೂ ಬೆಳೆಯೂ ಒಂದೇ ಅಕ್ಷರಗಳಲ್ಲಿ ಬರುತ್ತವೆ. ಹಳೆಯ ಪದವಾದರೆ ಓದುಗರು ಸಂದರ್ಭ ನೋಡಿ ಸರಿಮಾಡಿಕೊಳ್ಳುತ್ತಾರೆ. ‘ಓಳು’ವಿನಂಥ ಪದವನ್ನು ರೋಮನ್‌ನಲ್ಲೇ ಮೊದಲು ಕಂಡವರು ‘ಓಲು’ ಎಂದೇ ಕಲಿಯುತ್ತಾರೆ, ಕನ್ನಡ ಲಿಪಿಯಲ್ಲಿ ಬರೆಯುವಾಗ ಆ ತಪ್ಪು ಅಚ್ಚಿಗೂ ಬರುತ್ತದೆ. ಸಖತ್, ಸಕತ್, ಸಕ್ಕತ್ ಮೂರೂ ಓಡಾಡುವುದಕ್ಕೆ ಅರ್ಧ ಕಾರಣ ಇದೇ. ಬರೆಯುವವರು ಒಂದು ರೂಪ ಆರಿಸಿ ಅದಕ್ಕೇ ನಿಂತರೆ ಸಾಕು, ಉಳಿದದ್ದು ಕಾಲಕ್ರಮದಲ್ಲಿ ನೇರವಾಗುತ್ತದೆ.

ಇನ್ನೊಂದು ಕೆಡುಕು ಮನಸ್ಸಿಗೆ ನೋವು ಕೊಡುವಂಥದ್ದು. ಪದ ಹಬ್ಬುವಾಗ ಹಿಂದಿನ ಕಥೆ ಕಳಚಿ ಬೀಳುತ್ತದೆ. ಹಾಡಿನ ಲಯಕ್ಕೆ ಸಿಕ್ಕಿತು ಎಂದು ಗುನುಗುವ ಎಷ್ಟೋ ಪದಗಳು ಹೆಣ್ಣುಮಕ್ಕಳನ್ನು, ಬುದ್ಧಿಮಾಂದ್ಯರನ್ನು, ಲಿಂಗತ್ವ ಅಲ್ಪಸಂಖ್ಯಾತರನ್ನು ಹೀಯಾಳಿಸಲೆಂದೇ ಹುಟ್ಟಿದವು. ಜಾತಿಯ ಹೆಸರು ಬೈಗುಳವಾಗುವುದಂತೂ ಕಾನೂನಿನ ವಿಷಯ. ಪರಿಶಿಷ್ಟ ಜಾತಿ, ಪಂಗಡದವರನ್ನು ಜಾತಿಯ ಹೆಸರಿನಲ್ಲಿ ಸಾರ್ವಜನಿಕವಾಗಿ ನಿಂದಿಸಿದರೆ 1989ರ ದೌರ್ಜನ್ಯ ತಡೆ ಕಾಯ್ದೆಯಡಿ 6 ತಿಂಗಳಿಂದ 5 ವರ್ಷದವರೆಗೆ ಸೆರೆವಾಸ ಮತ್ತು ದಂಡ. ‘ತಮಾಷೆಗೆ ಹಾಕಿದ್ದು’ ಅನ್ನುವ ಮಾತು ಆ ಪದ ತಗುಲಿದವರಿಗೆ ಸಮಾಧಾನ ಕೊಡುವುದಿಲ್ಲ. ಪದದ ಮೂಲ ತಿಳಿಯದೆ ಶೀರ್ಷಿಕೆಗೆ ಹಾಕಬಾರದು, ಅದರಲ್ಲೂ ಮಕ್ಕಳು ನೋಡುವ ಕಾರ್ಯಕ್ರಮಗಳಲ್ಲಿ.

ಸುದ್ದಿವಾಹಿನಿಗಳು ಪದಗಳನ್ನು ಸವೆಸುವ ರೀತಿಯೂ ಇದೆ. ‘ಟಾಂಗ್ ಕೊಟ್ಟ’ದ್ದು ಚುರುಕಾದ ತಿರುಗೇಟಿಗೆ. ದಿನಕ್ಕೆ ಹತ್ತು ಸಲ ಪರದೆಯ ಮೇಲೆ ಬಂದರೆ ಸಾದಾ ಹೇಳಿಕೆಯೂ ಟಾಂಗ್ ಆಗುತ್ತದೆ, ಪದದ ಮೊನೆ ಮೊಂಡಾಗುತ್ತದೆ. ಸೋತ ಸಿನಿಮಾಕ್ಕೆ ಹೇಳುವ ‘ಮಕಾಡೆ ಮಲಗಿತು’ಗೂ ಹೀಗೇ ಆಗಿದೆ. ಮುಖ ಕೆಳಗಾಗಿ ಬಿದ್ದ ಚಿತ್ರ ಅದರಲ್ಲಿ ಎಷ್ಟು ಜೀವಂತವಾಗಿತ್ತು! ಈಗ ಯಾರಿಗೂ ಆ ಚಿತ್ರ ಕಾಣುವುದಿಲ್ಲ.

ಇಂಥ ಪದಗಳನ್ನು ದಾಖಲಿಸುವ ಕೆಲಸ ಶಾಲಾ ಕಾಲೇಜಿನ ಕನ್ನಡ ಸಂಘಗಳಿಂದಲೂ ಆಗಬಹುದು. ಕಿಟ್ಟೆಲ್ ನಿಘಂಟು ಬಂದದ್ದು 1894ರಲ್ಲಿ. ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳು ಮುಗಿದದ್ದು 1995ರಲ್ಲಿ, ರೀಲ್ಸ್‌ಗೆ ಕಾಲು ಶತಮಾನ ಮೊದಲು. ಪರಿಷತ್ತಿನ ನಿಘಂಟು ತನ್ನ ಪದಗಳಿಗೆ ಪ್ರಯೋಗ ತೋರಿಸುತ್ತದೆ, ಹೊಸ ಪದಕ್ಕೂ ಅದೇ ಕ್ರಮ ಬೇಕು. ಪದವನ್ನು ಒಂಟಿಯಾಗಿ ಬರೆದುಕೊಂಡರೆ ಪ್ರಯೋಜನವಿಲ್ಲ. ಅದರ ಕ್ರಿಯಾಪದ, ಕೇಳಿದ ಊರು, ಆಡಿದವರ ಅಂದಾಜು ವಯಸ್ಸು, ತಿಂಗಳು ಮತ್ತು ವರ್ಷ, ಆಡಿದ ಪೂರ್ತಿ ವಾಕ್ಯ, ಇಷ್ಟು ಒಂದು ಚೀಟಿಯಲ್ಲಿ ಇರಬೇಕು. ಮಾತಿನಲ್ಲಿ ಹೇಗಿತ್ತೋ ಹಾಗೆಯೇ ಬರೆಯಬೇಕು, ಗ್ರಾಂಥಿಕಕ್ಕೆ ತಿದ್ದಬಾರದು. ಅರ್ಥದ ಭಾಗ ಹೀಗೆ ಬರಬಹುದು:

ಎಂಟ್ರಿ. ನಾಮಪದ. 1. ರಿಜಿಸ್ಟರಿನಲ್ಲಿ, ಕಂಪ್ಯೂಟರಿನಲ್ಲಿ ದಾಖಲಿಸಿದ್ದು, ‘ಮಾಡು’ ಜೊತೆ. ‘ನಿನ್ನೆ ಬಂದ ಹಾಲಿಂದು ಇನ್ನೂ ಎಂಟ್ರಿ ಮಾಡಿಲ್ಲ.’ 2. ಎಲ್ಲರೂ ಕಾಯುತ್ತಿರುವಾಗ, ಇಲ್ಲವೇ ಯಾರೂ ಎಣಿಸದಿರುವಾಗ ಬಂದು ನಿಲ್ಲುವುದು; ‘ಕೊಡು’ ಜೊತೆ. ‘ಊಟ ಎಲ್ಲ ಮುಗಿದ್ಮೇಲೆ ಮಾವ ಎಂಟ್ರಿ ಕೊಟ್ರು.’